ಯಶವಂತಪುರದ ದಾರಿ: ಉಳ್ಳಾಗಡ್ಡಿಯ ದೂರಪ್ರಯಾಣದ ಒಂದು ವಿಮರ್ಶೆ

ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳಲ್ಲಿ ಮುಂಗಾರು ಉಳ್ಳಾಗಡ್ಡಿ ಕೀಳುವ ಕಾಲ ಬಂತೆಂದರೆ, ಬೆಳವಣಕಿಯಂಥ ಊರುಗಳ ರೈತರು ಪ್ರತಿ ವರ್ಷವೂ ಒಂದು ತೀರ್ಮಾನಕ್ಕೆ ಬರಬೇಕಾಗುತ್ತದೆ. ಬೆಳಿಗ್ಗೆ ಹೋಗಿ ಸಂಜೆಗೆ ಮರಳಬಹುದಾದ ಗದಗ ಇಲ್ಲವೆ ಹುಬ್ಬಳ್ಳಿಯ ಮಾರುಕಟ್ಟೆಗೆ ಮಾಲು ಹಾಕುವುದೋ, ಚಿತ್ರದುರ್ಗ, ತುಮಕೂರು ಹಾದು ನಾನೂರು ಕಿಲೋಮೀಟರಿಗೂ ಮಿಗಿಲಾದ ದಾರಿ ಹಿಡಿದು ಬೆಂಗಳೂರಿನ ಯಶವಂತಪುರಕ್ಕೆ ಒಯ್ಯುವುದೋ ಎಂಬುದೇ ಆ ತೀರ್ಮಾನ. ಎರಡು ಊರುಗಳ ದರದ ಅಂತರದಲ್ಲಿ ಲಾರಿ ಬಾಡಿಗೆಯನ್ನು ಕಳೆದು ನೋಡುವುದು ವಾಡಿಕೆಯ ಲೆಕ್ಕ. ಈ ಲೆಕ್ಕ ತಪ್ಪಲ್ಲ. ಆದರೆ ಪ್ರಯಾಣದ ಕೊನೆಯಲ್ಲಿ ರೈತನ ಕೈಯಲ್ಲಿ ಯಾವ ಅಧಿಕಾರ ಉಳಿದಿರುತ್ತದೆ ಎಂಬುದನ್ನು ಅದು ಕೇಳುವುದೇ ಇಲ್ಲವಾದ್ದರಿಂದ, ಅದನ್ನು ನಂಬಿ ಹೊರಟವರು ಮತ್ತೆ ಮತ್ತೆ ನಷ್ಟಕ್ಕೆ ಒಳಗಾಗಿದ್ದಾರೆ.

2022ರ ನವೆಂಬರಿನಲ್ಲಿ ಗದಗ ಜಿಲ್ಲೆಯ ರೈತರೊಬ್ಬರಿಗೆ ಯಶವಂತಪುರದಲ್ಲಿ ಸಿಕ್ಕ ಪಟ್ಟಿ, ಅಂದರೆ ಮಾಲಿನ ತೂಕ, ದರ ಮತ್ತು ಕಡಿತಗಳನ್ನು ಬರೆದು ದಲಾಲಿ ಅಂಗಡಿಯವರು ಕೊಡುವ ಚೀಟಿ, ನಾಡಿನಾದ್ಯಂತ ಸುದ್ದಿಯಾಯಿತು. ಅದರಲ್ಲಿ 205 ಕಿಲೋ ಉಳ್ಳಾಗಡ್ಡಿಗೆ ಕ್ವಿಂಟಲಿಗೆ 200 ರೂಪಾಯಿಯಂತೆ ಬಂದ ಹಣ 410 ರೂಪಾಯಿ. ಹಮಾಲಿಗೆ 24 ರೂಪಾಯಿ, ಲಾರಿ ಬಾಡಿಗೆಗೆ 377 ರೂಪಾಯಿ 64 ಪೈಸೆ ಮುರಿದುಕೊಂಡ ಮೇಲೆ ರೈತರ ಕೈಗೆ ಬಂದದ್ದು 8 ರೂಪಾಯಿ 36 ಪೈಸೆ. ಈ ಚೀಟಿಯನ್ನು ಕಂಡು ಮರುಗಿದವರು ಬಹಳ ಮಂದಿ, ಅದನ್ನು ಸಾಲುಸಾಲಾಗಿ ಓದಿದವರು ಕಡಿಮೆ. ಬಾಡಿಗೆ ಕಿಲೋಗೆ ಸುಮಾರು 1 ರೂಪಾಯಿ 84 ಪೈಸೆ ಬಿದ್ದಿದೆ, ಮತ್ತು ಅದು ದರ ಏರಿದರೂ ಇಳಿದರೂ ಬದಲಾಗದ ಖರ್ಚು. ಕಿಲೋಗೆ 30 ರೂಪಾಯಿ ಸಿಗುವ ವರ್ಷದಲ್ಲಿ ಅದೇ ಬಾಡಿಗೆ ಹುಟ್ಟುವಳಿಯ ನೂರಕ್ಕೆ ಆರರಷ್ಟು ಮಾತ್ರ ಆಗುತ್ತಿತ್ತು; 2 ರೂಪಾಯಿಗೆ ಕುಸಿದಾಗ ನೂರಕ್ಕೆ ತೊಂಬತ್ತೆರಡರಷ್ಟಾಯಿತು. ದೂರದ ಪ್ರಯಾಣವು ಒಳ್ಳೆಯ ವರ್ಷದ ಲಾಭವನ್ನು ತುಸುವೇ ಹೆಚ್ಚಿಸಿ ಕೆಟ್ಟ ವರ್ಷದ ನಷ್ಟವನ್ನು ಪೂರ್ತಿಯಾಗಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ದಾಖಲೆ ಬೇಕಿಲ್ಲ. ಬೀಜ, ಗೊಬ್ಬರ, ಕಳೆ ತೆಗೆದ ಕೂಲಿ, ಕಿತ್ತು ತಪ್ಪಲು ಕೊಯ್ದ ಕೂಲಿ ಇವು ಯಾವುವೂ ಆ ಪಟ್ಟಿಯಲ್ಲಿಲ್ಲ. ಲಾರಿಯ ಜೊತೆ ಹೋಗಿ, ಸವಾಲು ಮುಗಿಯುವವರೆಗೆ ಕಾದು, ಮರಳಿ ಊರು ಸೇರುವವರೆಗೆ ರೈತ ಕಳೆದ ಹಗಲು ರಾತ್ರಿಗಳೂ ಇಲ್ಲ.

ಆದರೂ ಈ ದಾರಿ ಹಿಡಿಯುವವರನ್ನು ಲೆಕ್ಕ ಬಾರದವರೆಂದು ತಳ್ಳಿಹಾಕುವುದು ಅನ್ಯಾಯ. 2019ರ ಡಿಸೆಂಬರಿನಲ್ಲಿ ಬೆಂಗಳೂರಿನ ಚಿಲ್ಲರೆ ಅಂಗಡಿಗಳಲ್ಲಿ ಉಳ್ಳಾಗಡ್ಡಿ ಕಿಲೋಗೆ 200 ರೂಪಾಯಿ ಮುಟ್ಟಿತ್ತು, ಮತ್ತು ಅಂಥ ಒಂದು ವರ್ಷದ ನೆನಪು ಮುಂದಿನ ಎಷ್ಟೋ ವರ್ಷಗಳ ಪ್ರಯಾಣಕ್ಕೆ ಪ್ರೇರಣೆಯಾಗುತ್ತದೆ. ದೊಡ್ಡ ಮಾರುಕಟ್ಟೆಯಲ್ಲಿ ಖರೀದಿದಾರರು ಹೆಚ್ಚು ಎಂಬ ನಂಬಿಕೆಯೂ ಆಧಾರವಿಲ್ಲದ್ದಲ್ಲ. ತೊಡಕಿರುವುದು ಹೊರಡುವ ಮುನ್ನ ಸಿಗುವ ಮಾಹಿತಿಯಲ್ಲಿ. ಮಾರುಕಟ್ಟೆಯ ದಿನದ ವರದಿಯಲ್ಲಿ ಕನಿಷ್ಠ, ಗರಿಷ್ಠ ಮತ್ತು ಮಾದರಿ ಎಂಬ ಮೂರು ದರಗಳಿರುತ್ತವೆ. ಮಾದರಿ ದರವೆಂದರೆ ಆ ದಿನ ಹೆಚ್ಚಿನ ಮಾಲು ಮಾರಾಟವಾದ ದರ. ಫೋನಿನಲ್ಲಿ ಊರಿಂದೂರಿಗೆ ಹರಡುವುದು ಮಾತ್ರ ಗರಿಷ್ಠ ದರ, ಅದು ಒಣಗಿದ, ದಪ್ಪ, ಬಣ್ಣಗಟ್ಟಿದ ಗಡ್ಡಿಗೆ ಸಿಕ್ಕದ್ದು. ಕೊಯ್ಲಿನ ಹೊತ್ತಿಗೆ ಮಳೆ ಹಿಡಿದರೆ ಎರೆಯಲ್ಲಿ ಬೆಳೆದ ಗಡ್ಡಿ ಸಣ್ಣದಾಗಿಯೇ ಉಳಿದು, ಹಸಿ ಆರದೆ ಚೀಲಕ್ಕೆ ಸೇರಿ, ದಾರಿಯಲ್ಲೇ ಕಾವುಗೊಂಡು ಕೊಳೆಯತೊಡಗುತ್ತದೆ. ಇಂಥ ಮಾಲಿನ ಒಡೆಯನು ಗರಿಷ್ಠ ದರವನ್ನು ನಂಬಿ ಹೊರಡುವಾಗ ಬೇರೆ ಊರುಗಳ ರೈತರೂ ಅದೇ ದರ ಕೇಳಿ ಹೊರಟಿರುತ್ತಾರೆ, ಅವರೆಲ್ಲರ ಲಾರಿಗಳು ಒಟ್ಟಾಗಿ ತಲುಪುವುದರಿಂದಲೇ ಆ ದರ ಬಿದ್ದುಹೋಗುತ್ತದೆ.

ಸಮಯದ ಬೆಲೆಯನ್ನು ಕೂಲಿಯ ದರದಲ್ಲಿ ಅಳೆಯುವುದೂ ಈ ಸೀಮೆಗೆ ಹೊಂದದು. ಉಳ್ಳಾಗಡ್ಡಿ ಮಾರುವ ಕಾಲವೇ ಹಿಂಗಾರಿ ಬಿತ್ತನೆಯ ಕಾಲ. ಹಸ್ತ, ಚಿತ್ತ, ಸ್ವಾತಿ ಮಳೆಗಳ ಹಸಿಯನ್ನು ನಂಬಿ ಬಿಳಿಜೋಳವನ್ನೂ ಕಡಲೆಯನ್ನೂ ಕೂರಿಗೆಯಲ್ಲಿ ಹಾಕಬೇಕಾದ ದಿನಗಳು. ಎರೆಮಣ್ಣು ಹದಕ್ಕೆ ಬರುವುದು ಕೆಲವೇ ದಿನ, ಅದು ಮೀರಿದರೆ ನೆಲ ಬಿರಿದು ಬೀಜ ಹುಟ್ಟುವುದಿಲ್ಲ. ಹದದ ದಿನ ಹೊಲದ ಯಜಮಾನ ಯಶವಂತಪುರದ ಅಂಗಳದಲ್ಲಿ ಚೀಲ ಕಾಯುತ್ತಿದ್ದರೆ, ಆ ಪ್ರಯಾಣದ ನಿಜವಾದ ಖರ್ಚು ಚೈತ್ರದಲ್ಲಿ ಮನೆಗೆ ಬಾರದೆ ಹೋದ ಜೋಳದ ಚೀಲಗಳಲ್ಲಿ ತಿಳಿಯುತ್ತದೆ.

ಇದೇ ಸೀಮೆಯ ರೈತರ ಇನ್ನೊಂದು ಪ್ರಯಾಣವನ್ನು ಪಕ್ಕದಲ್ಲಿಟ್ಟು ನೋಡಿದರೆ ವಿಷಯ ತಿಳಿಯಾಗುತ್ತದೆ. ಇಲ್ಲಿಯ ಒಣಮೆಣಸಿನಕಾಯಿ ಹಾವೇರಿ ಜಿಲ್ಲೆಯ ಬ್ಯಾಡಗಿಗೆ ಹೋಗುತ್ತದೆ; 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಬ್ಯಾಡಗಿ ತಳಿಗೆ ಅದರ ಬಣ್ಣದಿಂದಲೇ ಬೆಲೆ. ಹಗುರವಾದ, ಬೆಲೆಬಾಳುವ ಮಾಲಾದ್ದರಿಂದ ಬಾಡಿಗೆ ಅದಕ್ಕೆ ಹೊರೆಯೆನಿಸುವುದಿಲ್ಲ. ಅದಕ್ಕಿಂತ ಮುಖ್ಯವಾದುದೆಂದರೆ, ಟೆಂಡರಿನಲ್ಲಿ ಬಂದ ದರ ಒಪ್ಪಿಗೆಯಾಗದಿದ್ದರೆ ರೈತ ಅದನ್ನು ನಿರಾಕರಿಸಿ ಮುಂದಿನ ಟೆಂಡರಿಗೆ ಕಾಯಬಹುದು, ಇಲ್ಲವೆ ಅಲ್ಲಿಯ ಶೀತಲಗೃಹದಲ್ಲಿ ಚೀಲ ಇಡಬಹುದು. 2024ರ ಮಾರ್ಚ್ 11ರಂದು ದರ ಒಮ್ಮೆಲೇ ಕುಸಿದಾಗ ಅಲ್ಲಿ ವಾಹನಗಳಿಗೆ ಬೆಂಕಿ ಬಿದ್ದದ್ದನ್ನು ಮರೆಯುವಂತಿಲ್ಲ. ಶೀತಲಗೃಹದ ಬಾಡಿಗೆಯನ್ನೂ ಸಾಲದ ಬಡ್ಡಿಯನ್ನೂ ತಾಳಿಕೊಳ್ಳಲಾರದವನಿಗೆ ನಿರಾಕರಣೆಯ ಹಕ್ಕು ಹೆಸರಿಗಷ್ಟೇ ಉಳಿಯುತ್ತದೆ. ಹಾಗಿದ್ದೂ ಬ್ಯಾಡಗಿಯಲ್ಲಿ ಬೇಡವೆನ್ನಲು ಒಂದು ದಾರಿಯಿದೆ. ಯಶವಂತಪುರದಲ್ಲಿ ಇಳಿಸಿದ ಹಸಿ ಉಳ್ಳಾಗಡ್ಡಿಗೆ ಅದಿಲ್ಲ, ಏಕೆಂದರೆ ಮರಳಿ ತರಲು ಇನ್ನೊಂದು ಬಾಡಿಗೆ ಬೇಕು, ತಂದರೂ ಮಾಲು ಉಳಿಯದು. ಅಲ್ಲಿ ಕೊಟ್ಟ ದರವನ್ನು ರೈತ ಒಪ್ಪುವುದು ಸವಾಲು ಕೂಗುವುದಕ್ಕಿಂತ ಮೊದಲೇ, ಊರಿನಲ್ಲಿ ಲಾರಿ ತುಂಬಿದಾಗಲೇ ತೀರ್ಮಾನವಾಗಿರುತ್ತದೆ.

ಆದ್ದರಿಂದ ಬೆಳವಣಕಿಯ ಸೀಮೆಯ ಸಣ್ಣ ಹಿಡುವಳಿದಾರನಿಗೆ, ಹತ್ತಿಪ್ಪತ್ತು ಚೀಲ ಮಳೆ ಹಿಡಿದ ಗಡ್ಡಿಯೊಂದಿಗೆ ಮಾಡುವ ಬೆಂಗಳೂರು ಪ್ರಯಾಣ ತಕ್ಕುದಲ್ಲ. ಗದಗಿನ ದರ ಕಡಿಮೆಯಿದ್ದರೂ ಅಲ್ಲಿ ದಿನವೂ ಬಾಡಿಗೆಯೂ ಉಳಿಯುತ್ತವೆ. ಚೆನ್ನಾಗಿ ಒಣಗಿದ ದಪ್ಪ ಗಡ್ಡಿ ಲಾರಿ ತುಂಬುವಷ್ಟಿದ್ದು, ಹಿಂಗಾರಿ ಬಿತ್ತನೆ ಮುಗಿದಿದ್ದು, ಮಾದರಿ ದರವೇ ಕೆಲವು ದಿನಗಳಿಂದ ಮೇಲೆ ನಿಂತಿದ್ದರೆ ಮಾತು ಬೇರೆ. ಇದೇ ಸೀಮೆಯ ಹೆಸರು ಬೆಳೆಗಾದರೆ 2024-25ರಲ್ಲಿ ಕ್ವಿಂಟಲಿಗೆ 8,682 ರೂಪಾಯಿಯ ಬೆಂಬಲ ಬೆಲೆಯಿತ್ತು, ಖರೀದಿ ಕೇಂದ್ರ ತೆರೆದರೆ ಅದನ್ನು ದೂರ ಒಯ್ಯುವ ಪ್ರಶ್ನೆಯೇ ಏಳುವುದಿಲ್ಲ. ಉಳ್ಳಾಗಡ್ಡಿಗೆ ಅಂಥ ಕನಿಷ್ಠ ಖಾತರಿಯಿಲ್ಲ. ಗಾಳಿಯಾಡುವ ಉಳ್ಳಾಗಡ್ಡಿ ಶೆಡ್ಡುಗಳಿಗೆ ತೋಟಗಾರಿಕೆ ಇಲಾಖೆಯ ಸಹಾಯಧನವಿದೆ. ಮುಂಗಾರು ಗಡ್ಡಿ ಹಿಂಗಾರಿನದರಂತೆ ತಿಂಗಳುಗಟ್ಟಲೆ ಬಾಳುವುದಿಲ್ಲವಾದರೂ, ಆರಿಸಿ, ಒಣಗಿಸಿ ಎರಡು ಮೂರು ವಾರ ಇಡಲು ಸಾಧ್ಯವಾದರೆ ಬಿತ್ತನೆಯೂ ಮುಗಿದಿರುತ್ತದೆ, ಹೊರಡಬೇಕೋ ಬೇಡವೋ ಎಂಬ ತೀರ್ಮಾನವೂ ಆತುರವಿಲ್ಲದೆ ಮನೆಯಲ್ಲೇ ಆಗುತ್ತದೆ.