ಮಾನಿಟರ್ ಆದ ಪೋಕರಿ

ಗಲಾಟೆ ಮಾಡುವ ಹುಡುಗನನ್ನೇ ಕ್ಲಾಸಿನ ಮಾನಿಟರ್ ಮಾಡಿಬಿಡುವುದು ನಮ್ಮ ಶಾಲೆಗಳ ಹಳೆಯ ಉಪಾಯ. ಬಿ.ಎಡ್. ಪುಸ್ತಕಗಳಲ್ಲಿ ಇದಕ್ಕೆ ಏನೋ ಭಾರಿ ಹೆಸರಿರಬಹುದು. ಸ್ಟಾಫ್ ರೂಮಿನಲ್ಲಿ ಮಾತ್ರ ಕಳ್ಳನ ಕೈಗೇ ಕೀಲಿಕೈ ಕೊಡುವುದು ಎನ್ನುತ್ತೇವೆ. ಮಾನಿಟರಾದವನು ತಾನು ಸುಮ್ಮನಾಗುತ್ತಾನೆ, ಉಳಿದವರನ್ನೂ ಸುಮ್ಮನಾಗಿಸುತ್ತಾನೆ. ಜಾನ್ ಲೈಡನ್ ಎಂಬ ಹಾಡುಗಾರ ಟೆಲಿವಿಷನ್ನಿನಲ್ಲಿ ಹುಳುಹುಪ್ಪಟೆಗಳ ಸಾಕ್ಷ್ಯಚಿತ್ರದ ನಿರೂಪಕನಾದ ಕಥೆಯನ್ನು ಈ ಉಪಾಯದ ಜೊತೆಗಿಟ್ಟು ನೋಡಬೇಕೆಂದು ನನಗೆ ಅನಿಸುತ್ತದೆ.

ಲೈಡನ್ ಹುಟ್ಟಿದ್ದು 1956ರಲ್ಲಿ, ಲಂಡನ್ನಿಗೆ ಬಂದು ನೆಲೆಸಿದ ಬಡ ಐರಿಷ್ ಕುಟುಂಬದಲ್ಲಿ. ಏಳನೆಯ ವಯಸ್ಸಿನಲ್ಲಿ ಮಿದುಳು ಜ್ವರ ಬಂದು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದ. ಪ್ರಜ್ಞೆ ಮರಳಿದಾಗ ಹೆತ್ತವರ ಗುರುತೂ ಸಿಗದಷ್ಟು ನೆನಪು ಅಳಿಸಿಹೋಗಿತ್ತು. ಮುಂದೆ ಜನ ಹೆದರುತ್ತಿದ್ದ ಅವನ ಆ ದಿಟ್ಟಿಸುವ ನೋಟ ಕೂಡ ಆ ಕಾಯಿಲೆಯದೇ ಉಳಿಕೆ. ನಾವು ಉಡಾಫೆ ಎಂದು ತಿಳಿಯುವ ಎಷ್ಟು ಮಕ್ಕಳ ಮುಖದ ಹಿಂದೆ ಹೀಗೊಂದು ಕಾಯಿಲೆಯ ಕಥೆಯಿದೆಯೋ!

1975ರಲ್ಲಿ ಈತ ಸೇರಿದ ತಂಡದ ಹೆಸರು ಸೆಕ್ಸ್ ಪಿಸ್ಟಲ್ಸ್. ಬರೆಯಲು ನನ್ನಂಥವಳಿಗೆ ಸಂಕೋಚವೇ, ಆದರೆ ಹೆಸರು ಅದೇ. ಹಾಳಾದ ಹಲ್ಲುಗಳಿಗಾಗಿ ಗೆಳೆಯರು ಇವನನ್ನು ಜಾನಿ ರಾಟನ್, ಅಂದರೆ ಕೊಳೆತ ಜಾನಿ, ಎಂದು ಕರೆದರು. ಇವರ ಪಂಕ್ ಸಂಗೀತಕ್ಕೆ ವರ್ಷಗಟ್ಟಲೆ ಅಭ್ಯಾಸ ಬೇಕಿರಲಿಲ್ಲ. ಗಿಟಾರಿನ ಮೂರು ನಾಲ್ಕು ಪಟ್ಟು, ದೊಡ್ಡ ಗಂಟಲು, ಮತ್ತು ಸಿಟ್ಟು ಇದ್ದರೆ ಸಾಕು. ಕೆಲಸ ಸಿಗದೆ ಬೀದಿಯಲ್ಲಿದ್ದ ಹುಡುಗರ ಬಳಿ ಕಡೆಯ ಎರಡಂತೂ ಧಾರಾಳವಾಗಿದ್ದವು.

1976ರ ಡಿಸೆಂಬರ್ 1ರ ಸಂಜೆ, ಮನೆಮಂದಿಯೆಲ್ಲ ಕೂತು ನೋಡುವ ಹೊತ್ತಿನಲ್ಲಿ, ಥೇಮ್ಸ್ ಟೆಲಿವಿಷನ್ ಇವರನ್ನು ನೇರ ಸಂದರ್ಶನಕ್ಕೆ ಕರೆಯಿತು. ಬರಬೇಕಿದ್ದ ಕ್ವೀನ್ ತಂಡ ಬಾರದ್ದರಿಂದ ಇವರಿಗೆ ಸಿಕ್ಕ ಅವಕಾಶ ಅದು. ಲೈಡನ್ ಬಾಯೊಳಗೇ ಒಂದು ಕೆಟ್ಟ ಮಾತು ಗೊಣಗಿದ. ಏನದು ಎಂದರೆ, ಏನಿಲ್ಲ ಬಿಡಿ, ಮುಂದಿನ ಪ್ರಶ್ನೆ ಕೇಳಿ ಎಂದ. ನಿರೂಪಕ ಬಿಲ್ ಗ್ರಂಡಿ ಬಿಡಲಿಲ್ಲ, ಆ ಮಾತೇನೆಂದು ಬಾಯಿಬಿಡಿಸಿದ. ಆಮೇಲೆ ತಂಡದ ಇನ್ನೊಬ್ಬನನ್ನೂ ಕೆಣಕಿ ಕೆಣಕಿ ಬೈಸಿಕೊಂಡ. ಮೂವತ್ತು ಮಕ್ಕಳ ಮುಂದೆ ನಿಂತವರಿಗೆ ಇದು ಗೊತ್ತಿರುವ ಆಟ: ಕಿವಿಗೆ ಬಿದ್ದರೂ ಬೀಳದಂತೆ ಪಾಠ ಮುಂದುವರಿಸಿದ್ದರೆ ಮುಗಿಯುತ್ತಿತ್ತು. ಮರುದಿನ ಪತ್ರಿಕೆಗಳಲ್ಲಿ ಹಾಹಾಕಾರ. ಗ್ರಂಡಿಗೆ ಎರಡು ವಾರದ ಅಮಾನತು. ತಂಡದ ಕಛೇರಿಗಳಲ್ಲಿ ಹೆಚ್ಚಿನವು ರದ್ದು. ಜನವರಿಯಲ್ಲಿ ರೆಕಾರ್ಡಿಂಗ್ ಕಂಪನಿ ಇ.ಎಂ.ಐ. ಕೂಡ ಕೈಬಿಟ್ಟಿತು.

ಇಂಥವನನ್ನು 2004ರಲ್ಲಿ ಡಿಸ್ಕವರಿ ಚಾನೆಲ್ ಕರೆದು ಕೀಟಗಳ, ಜೇಡಗಳ ಬಗ್ಗೆ ಮಾತಾಡಿಸಿತು. ಆಮೇಲೆ ಶಾರ್ಕ್ ಮೀನು, ಆಫ್ರಿಕಾದ ಗೊರಿಲ್ಲಾಗಳ ಸರದಿ. ಇದರಿಂದ ಪಂಕ್ ಮರ್ಯಾದೆ ಹೋಯಿತೆಂದು ಕೊರಗುವವರ ಜೊತೆ ನಾನಿಲ್ಲ. ಹುಳುವನ್ನು ಅಸಹ್ಯಪಡದೆ ಬಗ್ಗಿ ನೋಡುವವನು ಕಲಿಯುವ ಮನಸ್ಸಿನವನು. ನಮ್ಮಲ್ಲೂ ಬೆಂಕಿಪೊಟ್ಟಣದಲ್ಲಿ ಜೀರುಂಡೆ ತಂದು ಬೈಸಿಕೊಳ್ಳುವವರು ಕೊನೆಯ ಬೆಂಚಿನವರೇ ಅಲ್ಲವೆ? ಕೀಟಶಾಸ್ತ್ರ ಓದದವನೊಬ್ಬ ನೋಡುವವರ ಪರವಾಗಿ ಬೆರಗುಪಟ್ಟರೆ ಅದಕ್ಕೂ ಒಂದು ಬೆಲೆಯಿದೆ.

ನನ್ನ ತಕರಾರು ಬೇರೆಯದು. ಆ ಕಾರ್ಯಕ್ರಮದ ಹೆಸರು 'ಜಾನ್ ಲೈಡನ್ಸ್ ಮೆಗಾಬಗ್ಸ್'. ಹುಳುಗಳಿಗಿಂತ ಮುಂಚೆ ಅವನ ಹೆಸರು. ಮರುವರ್ಷ, 2005ರಲ್ಲಿ, ಇವೇ ಪುಟ್ಟ ಜೀವಿಗಳ ಬಗ್ಗೆ ಡೇವಿಡ್ ಅಟೆನ್‌ಬರೊ ಅವರ 'ಲೈಫ್ ಇನ್ ದಿ ಅಂಡರ್‌ಗ್ರೋತ್' ಬಂತು. ಆ ಶೀರ್ಷಿಕೆಯಲ್ಲಿ ಹುಲ್ಲಿನ ಬುಡದ ಬದುಕಿದೆ, ಅಟೆನ್‌ಬರೊ ಇಲ್ಲ. ಅವರು ದನಿ ತಗ್ಗಿಸಿದಷ್ಟೂ ನಾವು ಹುಳುವಿನ ಹತ್ತಿರ ಹೋಗುತ್ತೇವೆ. ಲೈಡನ್ನನನ್ನು ಕರೆದದ್ದು ದನಿ ತಗ್ಗಿಸುವುದಕ್ಕಲ್ಲ. ಅದೇ ವರ್ಷದ ಮೊದಲಲ್ಲಿ ಅವನು ಐ.ಟಿ.ವಿ.ಯ ಕಾಡಿನ ರಿಯಾಲಿಟಿ ಷೋಗೆ ಹೋಗಿ, ಅಲ್ಲೂ ನೇರಪ್ರಸಾರದಲ್ಲಿ ಬೈದು, ಮಧ್ಯದಲ್ಲೇ ಎದ್ದುಹೋಗಿದ್ದ. 1976ರಲ್ಲಿ ನಾಡನ್ನೇ ನಡುಗಿಸಿದ ಬೈಗುಳ ಈಗ ಜನಕ್ಕೆ ಮೋಜು. ಚಾನೆಲ್ಲಿಗೆ ಬೇಕಿದ್ದದ್ದು ಆ ಮೋಜು. ಹುಳು ಅದಕ್ಕೊಂದು ನೆವ.

ಇಷ್ಟೇ ಆಗಿದ್ದರೆ ನಾನು ಪೆನ್ನು ಹಿಡಿಯುತ್ತಿರಲಿಲ್ಲ. 1978ರಲ್ಲಿ ಬಿ.ಬಿ.ಸಿ. ರೇಡಿಯೋ ಸಂದರ್ಶನವೊಂದರಲ್ಲಿ ಲೈಡನ್ ಜಿಮ್ಮಿ ಸ್ಯಾವಿಲ್ ಬಗ್ಗೆ ಮಾತಾಡಿದ. ಸ್ಯಾವಿಲ್ ಅದೇ ಬಿ.ಬಿ.ಸಿ. ಟೆಲಿವಿಷನ್ನಿನಲ್ಲಿ ಮಕ್ಕಳ ಆಸೆಗಳನ್ನು ಈಡೇರಿಸುತ್ತಿದ್ದ ಜನಪ್ರಿಯ ನಿರೂಪಕ. ಅವನ ಹೊಲಸು ನಮಗೆಲ್ಲ ಗೊತ್ತು, ಆದರೆ ಅದನ್ನು ಆಡುವ ಹಾಗಿಲ್ಲ. ನನ್ನ ಈ ಮಾತನ್ನೂ ನೀವು ಹೊರಗೆ ಬಿಡುವುದಿಲ್ಲ ಎಂಬರ್ಥದಲ್ಲಿ ಹೇಳಿದ. ಹಾಗೆಯೇ ಆಯಿತು. ಆ ಮಾತು ಪ್ರಸಾರವಾಗಲಿಲ್ಲ. ಸ್ಯಾವಿಲ್ ಮಾನಸನ್ಮಾನಗಳೊಂದಿಗೆ 2011ರಲ್ಲಿ ತೀರಿಕೊಂಡ. 2012ರಲ್ಲಿ ಐ.ಟಿ.ವಿ.ಯ ಸಾಕ್ಷ್ಯಚಿತ್ರವೊಂದು ಅವನ ಮೇಲಿನ ಆರೋಪಗಳನ್ನು ಹೊರಗೆಡವಿತು. ನೂರಾರು ಜನ ಮುಂದೆ ಬಂದು ತಮ್ಮ ನೋವನ್ನು ಪೊಲೀಸರಿಗೆ ಹೇಳಿದರು. ಅವರಲ್ಲಿ ಹೆಚ್ಚಿನವರು ಆಗ ಮಕ್ಕಳಾಗಿದ್ದವರು. ಲೈಡನ್ನನ ಆ ಮಾತು ಜನರ ಕಿವಿಗೆ ಬಿದ್ದದ್ದು 2013ರಲ್ಲಿ.

ಬಿ.ಬಿ.ಸಿ. ಬೇರೆ, ಡಿಸ್ಕವರಿ ಬೇರೆ ಎಂದು ನೀವನ್ನಬಹುದು. ಸಂಸ್ಥೆ ಬೇರೆ, ಸ್ವಭಾವ ಒಂದೇ. ಬೈಗುಳಕ್ಕೆ ಮೊದಲು ಶಿಕ್ಷೆ, ಆಮೇಲೆ ಸಂಭಾವನೆ. ನಿಜಕ್ಕೆ ಮಾತ್ರ ಕಪಾಟು. ಒಂದು ಮುಳ್ಳಿನ ಮಾತಿಗೆ ಕಿವಿಗೊಟ್ಟಿದ್ದರೆ ಎಷ್ಟು ಮಕ್ಕಳು ಉಳಿಯುತ್ತಿದ್ದರೋ ಎಂದು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಮಾತಾಡಿದವನ ಕೂದಲು, ಹಲ್ಲು, ಭಾಷೆ ಇವೇ ಎಲ್ಲರ ಕಣ್ಣಿಗೆ ಹೊಡೆದವು. ಪೋಕರಿ ಹೇಳಿದ್ದೆಂದರೆ ದೂರೂ ಚಾಡಿಯಾಗಿಬಿಡುತ್ತದೆ.

ಲೈಡನ್ನನಿಗೆ ಹುಳುಗಳ ಮೇಲಿದ್ದ ಕುತೂಹಲವನ್ನು ನಾನು ಅನುಮಾನಿಸುವುದಿಲ್ಲ. ಆ ಸಾಕ್ಷ್ಯಚಿತ್ರಗಳು ಅವನ ಪತನವೂ ಅಲ್ಲ. ಆದರೆ ನಿಜವಾದ ಸಾಕ್ಷಿ ನುಡಿದಾಗ ಮೈಕು ಮುಚ್ಚಿ, ಜೇಡದ ಬಗ್ಗೆ ಮಾತಾಡುವಾಗ ಅದೇ ಬಾಯಿಗೆ ಮೈಕು ಹಿಡಿಯುವ ಮಾಧ್ಯಮದ ಔದಾರ್ಯವನ್ನು ಮೆಚ್ಚಲು ನನ್ನಿಂದಾಗದು. ಕೊನೆಯ ಬೆಂಚಿನ ಹುಡುಗನಿಗೆ ಮಾನಿಟರಿಕೆ ಕೊಡೋಣ, ಬೇಡವೆನ್ನುವುದಿಲ್ಲ. ಅದಕ್ಕಿಂತ ಮೊದಲು ಅವನು ಏನು ಗೊಣಗುತ್ತಿದ್ದಾನೆಂದು, ಕ್ಲಾಸಿನ ಹೊರಗೆ ಕರೆದು, ಮೆಲ್ಲಗೆ ಕೇಳಬೇಕು.