ಪ್ರಿಂಟರ್ ಪೋರ್ಟಿನ ಬೀಗ

ಕಳೆದ ವಾರ ಕೊಟ್ಟ ಮಾತಿನಂತೆ ಇವತ್ತು ವಿಂಡೋಸ್ 98ಕ್ಕೆ ಯಾವ ಗ್ರಾಫಿಕ್ಸ್ ಕಾರ್ಡ್ ಹೊಂದುತ್ತದೆ ಎಂದು ಬರೆಯಬೇಕಿತ್ತು. ವೂಡೂ 3 ಮತ್ತು ಜೀಫೋರ್ಸ್ 2 ಎಂಎಕ್ಸ್ ಎರಡನ್ನೂ ಒರೆಸಿ ಮೇಜಿನ ಮೇಲೆ ಇಟ್ಟುಕೊಂಡಿದ್ದೆ. ಅಷ್ಟರಲ್ಲಿ ತೀರ್ಥಹಳ್ಳಿ ಕಡೆಯ ಪ್ರೆಸ್ಸಿನ ಯಜಮಾನರೊಬ್ಬರ ಫೋನ್ ಬಂತು.

‘ಸಾರ್, ನಮ್ಮ ಹಳೇ ಕಂಪ್ಯೂಟರು ಮಳೆಗಾಲದಲ್ಲಿ ಮಲಗಿಬಿಡ್ತು. ಯಕ್ಷಗಾನ ಪ್ರಸಂಗದ ಪುಸ್ತಕ ಮತ್ತೆ ಪ್ರಿಂಟ್ ಆಗ್ಬೇಕು. ಪುಟ ಎಲ್ಲಾ ಅದರೊಳಗೇ ಇದೆ. ಹೊಸ ಮೆಷಿನ್ನಿಗೆ ಹಾಕಿದ್ರೆ ಅಕ್ಷರದ ಲಾಕು ಹಿಡೀತಾನೇ ಇಲ್ಲ.’

ಗ್ರಾಫಿಕ್ಸ್ ಕಾರ್ಡುಗಳನ್ನು ಮತ್ತೆ ಕವರಿಗೆ ಸೇರಿಸಿದೆ. ಅವು ಮುಂದಿನ ವಾರದವರೆಗೆ ಕಾಯಲಿ.

ಅಕ್ಷರದ ಲಾಕು ಎಂದರೇನೆಂದು ಡಿಟಿಪಿ ಮಾಡಿದವರಿಗೆ ಗೊತ್ತು. ಬೆಂಕಿಪೊಟ್ಟಣದಷ್ಟು ದೊಡ್ಡ ಪ್ಲಾಸ್ಟಿಕ್ ತುಂಡು. ಒಂದು ಕಡೆ 25 ಪಿನ್ನು, ಇನ್ನೊಂದು ಕಡೆ 25 ತೂತು. ಕಂಪ್ಯೂಟರಿನ ಬೆನ್ನಿಗೆ ಇದನ್ನು ಸಿಕ್ಕಿಸಿ, ಇದರ ಬೆನ್ನಿಗೆ ಪ್ರಿಂಟರ್ ಕೇಬಲ್ ಸಿಕ್ಕಿಸಬೇಕು. ಕನ್ನಡ ಅಕ್ಷರದ ತಂತ್ರಾಂಶ ಶುರುವಾಗುವಾಗ ಪೋರ್ಟಿನ ಮೂಲಕ ಲಾಕಿಗೆ ಒಂದು ಪ್ರಶ್ನೆ ಕಳಿಸುತ್ತದೆ. ಸರಿಯಾದ ಉತ್ತರ ಬಂದರೆ ಕೀಲಿಮಣೆಯಲ್ಲಿ ಕನ್ನಡ ಮೂಡುತ್ತದೆ, ಬಾರದಿದ್ದರೆ ಇಲ್ಲ. ತೊಂಬತ್ತರ ದಶಕದ ಕನ್ನಡ ಪುಸ್ತಕಗಳಲ್ಲಿ ಎಷ್ಟೋ ಇಂಥ ಲಾಕುಗಳ ಕಾವಲಿನಲ್ಲೇ ಸಿದ್ಧವಾದವು.

ನಾನು ಹೋಗುವಷ್ಟರಲ್ಲಿ ಯಜಮಾನರ ತಂಗಿಯ ಮಗ ತನ್ನ ಕೈಲಾದದ್ದೆಲ್ಲ ಮಾಡಿದ್ದ. ಹುಡುಗ ಜಾಣ, ಕೆಲಸದಲ್ಲಿ ಶ್ರದ್ಧೆ ಇದೆ. ಆದರೆ ಅವನು ಕಲಿತದ್ದು ನಾನು ವರ್ಷಗಳಿಂದ ಇದೇ ಅಂಕಣದಲ್ಲಿ ವಿರೋಧಿಸುತ್ತ ಬಂದಿರುವ ಪಂಥದಲ್ಲಿ. ಹಳೆಯ ವಿಂಡೋಸನ್ನು ಕೈಗೆ ಸಿಕ್ಕ ಅತಿ ಶಕ್ತಿಶಾಲಿ ಯಂತ್ರದ ಮೇಲೆ ಓಡಿಸಬೇಕು ಎಂಬ ಪಂಥ ಅದು. ಅವನು ಆರಿಸಿದ್ದ ಪೆಟ್ಟಿಗೆಯಲ್ಲಿ 1 ಜಿಬಿ ರ‍್ಯಾಮ್, 160 ಜಿಬಿ ಡಿಸ್ಕು, ಎರಡೂವರೆ ಗಿಗಾಹರ್ಟ್ಸ್ ಪ್ರೊಸೆಸರ್ ಇತ್ತು. ಅದರ ಮೇಲೆ ವಿಂಡೋಸ್ 98 ಎರಡನೇ ಆವೃತ್ತಿ. ಪರದೆ 640×480ರಲ್ಲಿ 16 ಬಣ್ಣಕ್ಕೇ ನಿಂತಿತ್ತು. ಆ ಬೋರ್ಡಿನ ಗ್ರಾಫಿಕ್ಸಿಗೆ 98ರ ಡ್ರೈವರನ್ನು ಯಾರೂ ಬರೆದೇ ಇರಲಿಲ್ಲ. ಡಾಸ್ ಕಿಟಕಿ ತೆರೆಯಲು ಹೋದರೆ ‘ಮೆಮೊರಿ ಸಾಲದು’ ಎಂಬ ದೂರು. ಒಂದು ಜಿಬಿ ಇಟ್ಟರೂ ಸಾಲದೇ ಎಂದು ಹುಡುಗ ತಲೆ ಕೆಡಿಸಿಕೊಂಡಿದ್ದ.

ಇದಕ್ಕೆ ಉತ್ತರ ನನ್ನ ಅಚ್ಚುಮೆಚ್ಚಿನ ಒಂದು ಬರಹದಲ್ಲಿದೆ. ಮೈಕ್ರೋಸಾಫ್ಟ್ ತನ್ನ ಗ್ರಾಹಕರಿಗಾಗಿ ಬರೆದ ಬೆಂಬಲ ಟಿಪ್ಪಣಿ ಅದು, ಸಂಖ್ಯೆ 253912. ಸಾವಿರಾರು ಟಿಪ್ಪಣಿಗಳಲ್ಲಿ ಇದೊಂದನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಅದರ ತಾತ್ಪರ್ಯವನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ವಿಂಡೋಸ್ 98ರಲ್ಲಿ ವ್ಯವಸ್ಥೆಯ ಸ್ವಂತ ಬಳಕೆಗೆಂದು ಮೀಸಲಾದ ವಿಳಾಸಗಳ ಪ್ರದೇಶ ಒಟ್ಟು 1 ಜಿಬಿ. ಡಿಸ್ಕಿನಿಂದ ಓದಿದ್ದನ್ನು ನೆನಪಿಟ್ಟುಕೊಳ್ಳುವ ವಿಕ್ಯಾಶ್ ಎಂಬ ಭಾಗ ಯಂತ್ರ ಶುರುವಾಗುವಾಗಲೇ ರ‍್ಯಾಮ್ ಎಷ್ಟಿದೆ ಎಂದು ನೋಡುತ್ತದೆ. ತಾನು ಗರಿಷ್ಠ ಎಷ್ಟು ಬೆಳೆಯಬಹುದು ಎಂದು ಅದರಿಂದ ಲೆಕ್ಕ ಹಾಕಿ, ಅಷ್ಟೂ ವಿಳಾಸವನ್ನು ಮುಂಚೆಯೇ ಕಾದಿರಿಸುತ್ತದೆ. ರ‍್ಯಾಮ್ ಹೆಚ್ಚಿದಷ್ಟೂ ಅದರ ಮೀಸಲು ಹೆಚ್ಚುತ್ತದೆ. 512 ಎಂಬಿ ದಾಟಿದ ಮೇಲೆ ಉಳಿದವರಿಗೆ ಜಾಗವೇ ಇರುವುದಿಲ್ಲ. ಎಜಿಪಿ ಗ್ರಾಫಿಕ್ಸ್ ಕಾರ್ಡಿದ್ದರೆ ಅದಕ್ಕೂ ಅದೇ ಪ್ರದೇಶದಲ್ಲಿ ಪಾಲು ಬೇಕು. ಹಾಗಾಗಿ ಹೊಸ ಡಾಸ್ ಕಿಟಕಿಗೆ ಕೊಡಲು ವಿಳಾಸ ಮುಗಿದುಹೋಗಿರುತ್ತದೆ, ರ‍್ಯಾಮ್ ಮಾತ್ರ ಖಾಲಿ ಬಿದ್ದಿರುತ್ತದೆ. ಸಿಸ್ಟಮ್.ಐಎನ್‌ಐ ಕಡತದ ವಿಕ್ಯಾಶ್ ವಿಭಾಗದಲ್ಲಿ ಮ್ಯಾಕ್ಸ್‌ಫೈಲ್‌ಕ್ಯಾಶ್ ಎಂಬ ಒಂದು ಸಾಲು ಬರೆದು ಮಿತಿ ಹಾಕುವುದು ಪರಿಹಾರ. ಅಥವಾ ರ‍್ಯಾಮನ್ನೇ 512ಕ್ಕೆ ಇಳಿಸುವುದು.

ಟಿಪ್ಪಣಿ ಇಷ್ಟೇ. ಮಾಡಿದವರೇ ತಮ್ಮ ಕಟ್ಟಡದ ತೊಲೆ ಎಲ್ಲಿಯವರೆಗೆ ತಡೆಯುತ್ತದೆ ಎಂದು ಮುಚ್ಚುಮರೆ ಇಲ್ಲದೆ ಹೇಳಿದ್ದಾರೆ, ಅದಕ್ಕೇ ನನಗೆ ಇಷ್ಟ. 1998ರಲ್ಲಿ ಇದೇ ವ್ಯವಸ್ಥೆ ಪೆಟ್ಟಿಗೆಯ ಮೇಲೆ ಕೇಳಿದ್ದು 486 ಪ್ರೊಸೆಸರ್ ಮತ್ತು 16 ಎಂಬಿ. ಮನೆಯ ಕಂಪ್ಯೂಟರಿನಲ್ಲಿ ಒಂದು ಜಿಬಿ ಬರುತ್ತದೆಂದು ಆಗ ಯಾರು ಯೋಚಿಸಿದ್ದರು? ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತೇವಲ್ಲ, ಇಲ್ಲಿ ಕಾಲಿಗಿಂತ ಹಾಸಿಗೆ ದೊಡ್ಡದಾದರೂ ಕಷ್ಟ.

ಡಿಸ್ಕಿನ ಕಥೆ ಇನ್ನೂ ಅಪಾಯದ್ದು. 98ರ ಐಡಿಇ ಡ್ರೈವರು ಸೆಕ್ಟರ್‌ಗಳನ್ನು 28 ಬಿಟ್‌ಗಳಲ್ಲಿ ಎಣಿಸುತ್ತದೆ. ಒಂದು ಸೆಕ್ಟರಿಗೆ 512 ಬೈಟ್‌ನಂತೆ ಲೆಕ್ಕ ಹಾಕಿದರೆ 137 ಜಿಬಿಗೆ ಎಣಿಕೆ ಮುಗಿಯುತ್ತದೆ. ಅದರಾಚೆ ಬರೆಯಲು ಹೋದರೆ ಎಣಿಕೆ ಸೊನ್ನೆಗೆ ಮರಳಿ, ಡಿಸ್ಕಿನ ಮೊದಲ ಭಾಗದ ಮೇಲೆಯೇ ಬರೆದುಬಿಡುತ್ತದೆ. ಯಾವ ಎಚ್ಚರಿಕೆಯೂ ಪರದೆಗೆ ಬರುವುದಿಲ್ಲ. ಹುಡುಗನ ಡಿಸ್ಕಿನಲ್ಲಿ ತುಂಬಿದ್ದು ಎರಡು ಮೂರು ಜಿಬಿ ಮಾತ್ರ, ಹಾಗಾಗಿ ಪುಸ್ತಕ ಉಳಿದಿತ್ತು. ಮೊದಲು ಆ ಡಿಸ್ಕನ್ನು ಬಿಚ್ಚಿ ಪಕ್ಕಕ್ಕಿಟ್ಟೆ.

‘ಲಾಕಿಗೆ ಯುಎಸ್‌ಬಿ ಕನ್ವರ್ಟರ್ ತಂದಿದ್ದೆ ಸಾರ್, ಅದೂ ಆಗ್ಲಿಲ್ಲ’ ಎಂದ. ಆಗುವುದೂ ಇಲ್ಲ. ಆ ಕನ್ವರ್ಟರು ವಿಂಡೋಸಿಗೆ ತಾನೊಂದು ಪ್ರಿಂಟರ್ ಎಂದು ಹೇಳಿಕೊಳ್ಳುತ್ತದೆ, ಅಷ್ಟೇ. ಅಕ್ಷರದ ತಂತ್ರಾಂಶ ವಿಂಡೋಸನ್ನು ಕೇಳುವುದೇ ಇಲ್ಲ. ಅದು ನೇರವಾಗಿ 378 ಹೆಕ್ಸ್ ಎಂಬ ಪೋರ್ಟ್ ವಿಳಾಸದ ಬಾಗಿಲು ತಟ್ಟುತ್ತದೆ. ಯುಎಸ್‌ಬಿ ಕನ್ವರ್ಟರಿಗೆ ಆ ವಿಳಾಸದಲ್ಲಿ ಮನೆಯೇ ಇಲ್ಲ. ಪಿಸಿಐ ಸ್ಲಾಟಿಗೆ ಹಾಕುವ ಪೋರ್ಟ್ ಕಾರ್ಡೂ ಸಾಮಾನ್ಯವಾಗಿ ಬೇರೆ ವಿಳಾಸದಲ್ಲಿ ಹೋಗಿ ಕೂರುತ್ತದೆ. ಮದರ್‌ಬೋರ್ಡಿನ ಮೇಲೆಯೇ ಇರುವ ಎಲ್‌ಪಿಟಿ-1 ಬೇಕು.

ಎರಡನೇ ಪಂಥದವರು ಇಲ್ಲಿ ಕೈ ಎತ್ತುತ್ತಾರೆ: ವರ್ಚುವಲ್ ಮೆಷಿನ್ ಇರುವಾಗ ಈ ಹಳೇ ಬೋರ್ಡುಗಳ ಗೊಡವೆ ಯಾಕೆ, ಎಲ್ಲವನ್ನೂ ಸಾಫ್ಟ್‌ವೇರಿನಲ್ಲೇ ಕಟ್ಟಿದರಾಯಿತಲ್ಲ ಎಂದು. ಅವರಿಗೆ ಈ ಅಂಕಣದಲ್ಲಿ ಹಿಂದೆಯೂ ಉತ್ತರ ಕೊಟ್ಟಿದ್ದೇನೆ, ಈಗ ಹೊಸ ಸಾಕ್ಷಿಯೊಂದು ಕೈಯಲ್ಲಿದೆ. ಎಎಂಡಿಯ ಝೆನ್ 2ರಿಂದೀಚೆಗಿನ ಪ್ರೊಸೆಸರ್‌ಗಳ ಮೇಲೆ ವರ್ಚುವಲ್ ಮೆಷಿನ್ ಕಟ್ಟಿ ವಿಂಡೋಸ್ 98 ಹಾಕಿದರೆ ಅದು ಮೇಲ್ನೋಟಕ್ಕೆ ಕಾರಣವಿಲ್ಲದೆ ಬೀಳತೊಡಗುತ್ತದೆ. ಕಾರಣ ಬಹಳ ಆಳದಲ್ಲಿದೆ. ಮೆಮೊರಿಯ ಯಾವ ಪುಟ ಎಲ್ಲಿದೆ ಎಂಬುದನ್ನು ಪ್ರೊಸೆಸರ್ ಒಂದು ಸಣ್ಣ ಪಟ್ಟಿಯಲ್ಲಿ ಬರೆದಿಟ್ಟುಕೊಂಡಿರುತ್ತದೆ, ಅದಕ್ಕೆ ಟಿಎಲ್‌ಬಿ ಎನ್ನುತ್ತಾರೆ. ಪುಟಗಳ ಜಾಗ ಬದಲಾದಾಗ ಪಟ್ಟಿಯ ಹಳೆಯ ನಮೂದು ಅಳಿಸಬೇಕು. 98 ಅದನ್ನು ಪೂರ್ತಿ ನಿಯಮದಂತೆ ಮಾಡುತ್ತಿರಲಿಲ್ಲ. ಅಂದಿನ ಪ್ರೊಸೆಸರ್‌ಗಳಲ್ಲಿ ಆ ತಪ್ಪು ಹೊರಗೆ ಕಾಣಲಿಲ್ಲ. ಎರಡು ದಶಕ ಕಳೆದು ಪಟ್ಟಿಯನ್ನು ಬೇರೆ ರೀತಿ ನಿಭಾಯಿಸುವ ಚಿಪ್ಪುಗಳು ಬಂದಾಗ ಕಂಡಿತು. ಹವ್ಯಾಸಿಗಳು ಅದಕ್ಕೆ ತೇಪೆ ಬರೆದಿದ್ದಾರೆ, ಅವರ ಶ್ರಮಕ್ಕೆ ನನ್ನ ನಮಸ್ಕಾರ. ಆದರೆ ವರ್ಚುವಲ್ ಮೆಷಿನ್ ಎಂಬುದು ಹಾರ್ಡ್‌ವೇರಿನ ಹಂಗಿಲ್ಲದ ಲೋಕ ಎಂಬ ವಾದ ಅಲ್ಲಿಗೆ ಬಿದ್ದುಹೋಯಿತು.

ನಾನು ಬ್ಯಾಗಿನಲ್ಲಿ ಒಯ್ದಿದ್ದು ಇಂಟೆಲ್ 440ಬಿಎಕ್ಸ್ ಚಿಪ್‌ಸೆಟ್ಟಿನ ಬೋರ್ಡು. ಕಾಯಂ ಓದುಗರಿಗೆ ಆಶ್ಚರ್ಯವಾಗಲಿಕ್ಕಿಲ್ಲ. ವಿಂಡೋಸ್ 98 ಬಂದದ್ದು 1998ರ ಜೂನ್‌ನಲ್ಲಿ, ಬಿಎಕ್ಸ್ ಬಂದದ್ದು ಅದೇ ವರ್ಷದ ಏಪ್ರಿಲ್‌ನಲ್ಲಿ, ಓರಗೆಯ ಅಣ್ಣತಮ್ಮಂದಿರು. ಅದರಲ್ಲಿ ಎಜಿಪಿ ಇದೆ, ಪಿಸಿಐ ಇದೆ, ಹಳೆಯ ಐಎಸ್‌ಎ ಸ್ಲಾಟೂ ಇದೆ. ಎರಡು ಕಾಲಗಳ ಹೊಸ್ತಿಲ ಮೇಲೆ ನಿಂತ ಬೋರ್ಡು ಅದು.

ಐಎಸ್‌ಎ ಎಂದಾಗ ಒಂದು ಮಾತು ಸೇರಿಸಲೇಬೇಕು. ಆಟ ಆಡುವವರು ಆ ಸ್ಲಾಟನ್ನು ಸೌಂಡ್ ಬ್ಲಾಸ್ಟರಿಗಾಗಿ ಹುಡುಕುತ್ತಾರೆ. ಆದರೆ ನಮ್ಮ ಭಾಷೆಗಳೂ ಅದೇ ಸ್ಲಾಟಿನ ಮೂಲಕ ಪಿಸಿಯೊಳಗೆ ಬಂದವು. ಐಐಟಿ ಕಾನ್ಪುರದಲ್ಲಿ ಶುರುವಾಗಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಕಾರ್ಡು ಪಿಸಿಗೆ ಸಿಕ್ಕಿಸುವ ಒಂದು ಹಲಗೆ. ಡಾಸ್‌ಗೆ ಕನ್ನಡದ ಗಂಧವೂ ಇಲ್ಲದ ಕಾಲದಲ್ಲಿ ಅಕ್ಷರ ಜೋಡಿಸಿ ಪರದೆಗೆ ಕೊಡುವ ಕೆಲಸವನ್ನು ಆ ಹಲಗೆಯೇ ಮಾಡುತ್ತಿತ್ತು. ಒತ್ತಕ್ಷರ ಎಲ್ಲಿ ಕೂರಬೇಕೆಂಬುದು ಹಾರ್ಡ್‌ವೇರಿಗೆ ಗೊತ್ತಿತ್ತು! ಇವತ್ತಿನ ಸಾಮಾನ್ಯ ಕಂಪ್ಯೂಟರುಗಳಿಗೆ ಆ ಕಾರ್ಡು ಸೇರುವುದಿಲ್ಲ. ಯಾರ ಅಟ್ಟದಲ್ಲಾದರೂ ಜಿಸ್ಟ್ ಕಾರ್ಡು ಸಿಕ್ಕರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಅದರ ಜೊತೆಗೆ ಐಎಸ್‌ಎ ಸ್ಲಾಟಿರುವ ಒಂದು ಬೋರ್ಡನ್ನೂ ಎತ್ತಿಡಿ.

ಪ್ರೆಸ್ಸಿಗೆ ಮರಳೋಣ. ಸತ್ತ ಬೋರ್ಡನ್ನು ಬೆಳಕಿಗೆ ಹಿಡಿದಾಗ ಪ್ರೊಸೆಸರಿನ ಪಕ್ಕದ ಕೆಪಾಸಿಟರುಗಳ ತಲೆ ಉಬ್ಬಿ, ಒಂದರ ಬುಡದಲ್ಲಿ ಕಂದು ಬಣ್ಣದ ಅಂಟು ಒಸರಿತ್ತು. ಮಲೆನಾಡಿನ ತೇವಕ್ಕೆ ಸ್ಲಾಟುಗಳ ತಾಮ್ರ ಹಸಿರುಗಟ್ಟಿತ್ತು. ಅದನ್ನು ಎಬ್ಬಿಸುವ ಪ್ರಯತ್ನ ಮಾಡಲಿಲ್ಲ. ಅದರ ಹಳೆಯ 8.4 ಜಿಬಿ ಡಿಸ್ಕು ಮಾತ್ರ ಗಟ್ಟಿಯಾಗಿತ್ತು, ಅದರ ಪಡಿಯಚ್ಚನ್ನು ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡಿಗೆ ತೆಗೆದೆ. ಆ ಕಾರ್ಡು ಐಡಿಇಯ ಭಾಷೆಯನ್ನೇ ಆಡುತ್ತದೆ, ನಡುವೆ ತಂತಿ ಜೋಡಿಸುವ ಒಂದು ಸಣ್ಣ ಅಡಾಪ್ಟರ್ ಸಾಕು. ಪೆಂಟಿಯಮ್ 3 450, 256 ಎಂಬಿ ರ‍್ಯಾಮ್. ವಿಂಡೋಸ್ ಎದ್ದಿತು, ಹೊಸ ಬೋರ್ಡನ್ನು ಗುರುತಿಸಿತು, ಸಿಡಿ ಕೇಳಿತು, ಎರಡು ಸಲ ರೀಸ್ಟಾರ್ಟ್ ಆಯಿತು. ಲಾಕು ಸಿಕ್ಕಿಸಿದೆ.

ಹಿಡಿಯಲಿಲ್ಲ.

ಬಯಾಸ್ ತೆರೆದು ನೋಡಿದರೆ ಪ್ರಿಂಟರ್ ಪೋರ್ಟು ಇಸಿಪಿ ಎಂಬ ಹೊಸ ಬಗೆಯಲ್ಲಿತ್ತು. ಅದನ್ನು ಹಳೆಯ ಎಸ್‌ಪಿಪಿಗೆ ಇಳಿಸಿ, ವಿಳಾಸ 378 ಎಂದು ಖಾತ್ರಿ ಮಾಡಿಕೊಂಡೆ. ಈಗ ನಾಲ್ಕು ಸಲಕ್ಕೊಮ್ಮೆ ಹಿಡಿಯತೊಡಗಿತು. ಒಮ್ಮೆ ಹಿಡಿದು ಮೂರು ಸಲ ಬಿಡುವ ದೋಷವನ್ನು ಕಂಡರೆ ನನಗೆ ಮೊದಲು ಬರುವ ಗುಮಾನಿ ವೇಗದ ಮೇಲೆ.

ಯಾಕೆಂದರೆ ಹಳೆಯ ಪ್ರೋಗ್ರಾಮುಗಳು ಗಡಿಯಾರ ನೋಡುವುದಿಲ್ಲ, ಸುತ್ತು ಎಣಿಸುತ್ತವೆ. ಇಷ್ಟು ಸುತ್ತು ಸುಮ್ಮನೆ ಓಡು, ಅಷ್ಟರಲ್ಲಿ ಇಷ್ಟು ಮೈಕ್ರೋಸೆಕೆಂಡ್ ಆಗಿರುತ್ತದೆ ಎಂಬುದು ಆ ಕಾಲದ ಲೆಕ್ಕ. ಟರ್ಬೋ ಪ್ಯಾಸ್ಕಲ್ 7ರಲ್ಲಿ ಬರೆದ ಪ್ರೋಗ್ರಾಮುಗಳು ಹೀಗೇ ಬಿದ್ದವು. ಅದರ ಸಿಆರ್‌ಟಿ ಘಟಕ ಶುರುವಿನಲ್ಲೇ ಟೈಮರಿನ ಒಂದು ಮಿಡಿತದಲ್ಲಿ, ಅಂದರೆ 55 ಮಿಲಿಸೆಕೆಂಡಿನಲ್ಲಿ, ಎಷ್ಟು ಸುತ್ತು ಓಡಿತೆಂದು ಎಣಿಸಿ 55ರಿಂದ ಭಾಗಿಸುತ್ತದೆ. ಭಾಗಲಬ್ಧ 65,535 ಮೀರಿದರೆ 16 ಬಿಟ್‌ನಲ್ಲಿ ಹಿಡಿಸುವುದಿಲ್ಲ. ಪ್ರೊಸೆಸರುಗಳು 200 ಮೆಗಾಹರ್ಟ್ಸ್ ಆಸುಪಾಸಿಗೆ ಬಂದಾಗ ನಿನ್ನೆವರೆಗೆ ಓಡುತ್ತಿದ್ದ ಪ್ರೋಗ್ರಾಮುಗಳು ‘ರನ್‌ಟೈಮ್ ಎರರ್ 200’ ಎಂದು ನಿಂತವು. ಸೊನ್ನೆಯಿಂದ ಭಾಗಿಸಿದಾಗ ಬರುವ ದೋಷಸಂಖ್ಯೆ ಅದು. ಪ್ರೋಗ್ರಾಮಿನಲ್ಲಿ ಎಲ್ಲೂ ಸೊನ್ನೆಯಿಂದ ಭಾಗಿಸಿರಲಿಲ್ಲ.

ವಿಂಡೋಸ್ 95 ಸ್ವತಃ ಇದೇ ಹಳ್ಳಕ್ಕೆ ಬಿದ್ದಿತ್ತು. ಎಎಂಡಿಯ ಕೆ6-2 ಪ್ರೊಸೆಸರ್ 350 ಮೆಗಾಹರ್ಟ್ಸ್ ಮುಟ್ಟಿದಾಗ ಅದು ಏಳುತ್ತಲೇ ಕುಸಿಯುತ್ತಿತ್ತು. ಅಷ್ಟೇ ವೇಗದ ಪೆಂಟಿಯಮ್ 2ರ ಮೇಲೆ ಆ ತೊಂದರೆ ಇರಲಿಲ್ಲ. ಸುತ್ತು ಹೊಡೆಸುವ ಲೂಪ್ ಎಂಬ ಒಂದೇ ಒಂದು ಆದೇಶವನ್ನು ಎಎಂಡಿ ಇಂಟೆಲ್‌ಗಿಂತ ಬೇಗ ಮುಗಿಸುತ್ತಿತ್ತು, ವಿಂಡೋಸಿನ ಕಾಲಮಾಪನದ ಭಾಗಾಕಾರ ಅಲ್ಲಿ ಎಡವುತ್ತಿತ್ತು. ಚಿಪ್ಪು ಚೆನ್ನಾಗಿದ್ದದ್ದೇ ಅದರ ತಪ್ಪಾಯಿತು. ಹೊಂದಾಣಿಕೆಯ ಪಟ್ಟಿಗಳಲ್ಲಿ ಪ್ರೊಸೆಸರಿನ ಹೆಸರು ಇರುತ್ತದೆ, ವೇಗ ಇರುತ್ತದೆ, ಒಂದು ಆದೇಶಕ್ಕೆ ಎಷ್ಟು ಕಾಲ ಬೇಕೆಂಬುದು ಇರುವುದಿಲ್ಲ. ಅದಕ್ಕೇ ನಾನು ಪಟ್ಟಿ ನೋಡುವ ಮೊದಲು ತಾರೀಖು ನೋಡುತ್ತೇನೆ: ತಂತ್ರಾಂಶ ಬರೆದ ದಿನ ಅದನ್ನು ಬರೆದವರ ಮೇಜಿನ ಮೇಲೆ ಯಾವ ಯಂತ್ರ ಇದ್ದಿರಬಹುದು ಎಂದು.

ಈ ಲಾಕಿನ ಜೊತೆಗಿದ್ದ ಫ್ಲಾಪಿಯ ಕಡತಗಳ ತಾರೀಖು 1996. ಆಗ ಅಂಗಡಿಯಲ್ಲಿ ಸಿಗುತ್ತಿದ್ದದ್ದು ಪೆಂಟಿಯಮ್ 100, 133, ಬಹಳವಾದರೆ 200. ನನ್ನ 450 ಕೂಡ ಅದಕ್ಕೆ ಅತಿಯಾಯಿತು! ಬಿಎಕ್ಸ್ ಬೋರ್ಡು ಕೈಹಿಡಿದದ್ದು ಇಲ್ಲಿ. ಈ ಪೆಂಟಿಯಮ್ 3ರ ಗುಣಕ ನಾಲ್ಕೂವರೆಗೆ ಬೀಗ ಹಾಕಿದಂತೆ ನಿಂತಿರುತ್ತದೆ, ಅದನ್ನು ಬದಲಿಸಲಾಗದು. ಬೋರ್ಡಿನ ಬಸ್ಸನ್ನು ಮಾತ್ರ ಜಂಪರಿನಲ್ಲಿ 100ರಿಂದ 66ಕ್ಕೆ ಇಳಿಸಬಹುದು. ಇಕ್ಕಳದಿಂದ ಆ ಪುಟ್ಟ ಕಪ್ಪು ಟೋಪಿಯನ್ನು ಕಿತ್ತು ಪಕ್ಕದ ಎರಡು ಪಿನ್ನಿಗೆ ಹಾಕಿದೆ. 450 ಇದ್ದದ್ದು 300 ಆಯಿತು. ಬಯಾಸಿನಲ್ಲಿ ಎರಡನೇ ಹಂತದ ಕ್ಯಾಶನ್ನೂ ಮುಚ್ಚಿದೆ.

ಲಾಕು ಹಿಡಿಯಿತು. ಹತ್ತು ಸಲ ಆರಿಸಿ ಹಚ್ಚಿದೆ, ಹತ್ತೂ ಸಲ ಹಿಡಿಯಿತು.

ಪೇಜ್‌ಮೇಕರ್‌ನಲ್ಲಿ ಪುಸ್ತಕದ ಮೊದಲ ಕಡತ ತೆರೆದಾಗ ಯಜಮಾನರು ಕುರ್ಚಿ ಎಳೆದುಕೊಂಡು ಪರದೆಗೆ ಮುಖ ಹತ್ತಿರ ತಂದರು. ಭಾಮಿನಿಯ ಪದ್ಯಗಳು, ಪದಗಳ ಮೇಲೆ ರಾಗ ತಾಳದ ಹೆಸರು, ಎಲ್ಲವೂ ಇದ್ದ ಜಾಗದಲ್ಲೇ ಇದ್ದವು. ಅವರು ಮೊದಲು ನೋಡಿದ್ದು ಒತ್ತಕ್ಷರಗಳನ್ನು. ಆ ಕಾಲದ ಅಕ್ಷರ ತಂತ್ರಾಂಶಗಳಲ್ಲಿ ಕನ್ನಡಕ್ಕೆಂದು ಪ್ರತ್ಯೇಕ ಸಂಕೇತ ಇರಲಿಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸುತ್ತಿದ್ದರು. ವಿಂಡೋಸಿನೊಳಗೇ ಕನ್ನಡ ಬಂದದ್ದು 2001ರ ಎಕ್ಸ್‌ಪಿಯಲ್ಲಿ, ತುಂಗಾ ಫಾಂಟಿನ ಜೊತೆ. ಹಾಗಾಗಿ ಈ ಕಡತವನ್ನು ಇನ್ನೆಲ್ಲಿ ತೆರೆದರೂ ಕಾಣುವುದು ಅರ್ಥವಿಲ್ಲದ ಚಿಹ್ನೆಗಳ ಸಾಲು. ಇಲ್ಲಿ, ಈ ಫಾಂಟು ಇರುವಲ್ಲಿ ಮಾತ್ರ ಅದು ಪ್ರಸಂಗ.

‘ಇದು ನಮ್ಮಪ್ಪ ಕೂತು ಕರಡು ತಿದ್ದಿದ ಪುಟ ಸಾರ್’ ಎಂದರು ಅವರು.

ಹುಡುಗನಿಗೆ ಮುಂದಿನ ಕೆಲಸ ತೋರಿಸಿಕೊಟ್ಟೆ. ಪ್ರಿಂಟರಿನ ಬದಲು ಕಡತಕ್ಕೇ ಪೋಸ್ಟ್‌ಸ್ಕ್ರಿಪ್ಟ್ ಮುದ್ರಿಸಬೇಕು, ಫಾಂಟು ಅದರೊಳಗೇ ಅಡಗಿರುವಂತೆ ನೋಡಿಕೊಳ್ಳಬೇಕು, ಆಮೇಲೆ ಹೊಸ ಯಂತ್ರದಲ್ಲಿ ಪಿಡಿಎಫ್ ಮಾಡಬೇಕು. ಪಠ್ಯವನ್ನು ಯೂನಿಕೋಡಿಗೆ ತರುವುದು ಬೇರೆಯೇ ಕೆಲಸ, ಅದನ್ನು ನಿಧಾನಕ್ಕೆ ಮಾಡಬಹುದು. ಒಂದೊಂದೇ ಅಧ್ಯಾಯ ತೆಗೆಯಲು ಶುರುಮಾಡಿದ. ಕ್ಯಾಶ್ ಮುಚ್ಚಿದ ಯಂತ್ರ, ಪುಟ ಪುಟಕ್ಕೂ ಸಮಯ ತೆಗೆದುಕೊಳ್ಳುತ್ತಿತ್ತು. ಅವನು ಅವಸರ ಮಾಡಲಿಲ್ಲ. ಜಂಪರಿನ ಜಾಗವನ್ನು ಒಂದು ಚೀಟಿಯಲ್ಲಿ ಚಿತ್ರ ಬರೆದುಕೊಂಡು ಕ್ಯಾಬಿನೆಟ್ಟಿನ ಒಳಬದಿಗೆ ಅಂಟಿಸಿದ.

ಬೋರ್ಡನ್ನು ಅಲ್ಲೇ ಬಿಟ್ಟು ಬಂದಿದ್ದೇನೆ. ಅವರಲ್ಲಿ ಇನ್ನೂ ಹನ್ನೊಂದು ಪ್ರಸಂಗಗಳ ಕಡತಗಳಿವೆಯಂತೆ.