ನಿದ್ದೆಯನ್ನು ಬಿಟ್ಟು ಬಂದ ಎಂಕ್ಯೂಟಿಟಿ

ರಯಟ್ ಎಂಬ ಪುಟ್ಟ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಎಮ್‌ಕ್ಯೂಟ್ ಅನ್ನುವ ಒಂದು ಲೈಬ್ರರಿ ಇದೆ. ಸೆನ್ಸರುಗಳು ಸುದ್ದಿ ಕಳಿಸಲು ಮಾಡಿದ ಎಂಕ್ಯೂಟಿಟಿ-ಎಸ್‌ಎನ್ ಪ್ರೋಟೊಕಾಲ್ ಆ ಸಿಸ್ಟಮ್‌ಗೆ ಪೋರ್ಟ್ ಆಗಿರುವುದು ಇದರ ಮೂಲಕ. ಕೋಡ್ ಚೊಕ್ಕಟವಾಗಿದೆ, ಓದಿದವರಿಗೆ ಅರ್ಥವಾಗುತ್ತದೆ. ಆದರೂ ಇದನ್ನು ಹನೂರಿನ ಒಣಭೂಮಿಯ ಕೊಳವೆಬಾವಿಗೋ ಯಳಂದೂರಿನ ಕಾಡಂಚಿನ ಬೇಲಿಗೋ ಕಟ್ಟಿದರೆ ಎರಡು ಬ್ಯಾಟರಿ ಸೆಲ್ಲುಗಳಲ್ಲಿ ಒಂದು ವಾರ ನಡೆಯುವುದೂ ಅನುಮಾನ. ಯಾವ ಸೌಲಭ್ಯಕ್ಕಾಗಿ ಈ ಪ್ರೋಟೊಕಾಲ್ ಹುಟ್ಟಿತೋ ಅದನ್ನೇ ಪೋರ್ಟ್ ಮಾಡುವಾಗ ಪಕ್ಕಕ್ಕಿಟ್ಟಿದ್ದಾರೆ ಎಂಬುದು ನನ್ನ ತಕರಾರು.

ಎಂಕ್ಯೂಟಿಟಿ-ಎಸ್‌ಎನ್‌ಗೆ ಮೂಲವಾದ ಎಂಕ್ಯೂಟಿಟಿ ಹುಟ್ಟಿದ್ದು 1999ರಲ್ಲಿ. ಐಬಿಎಂನ ಆಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಆರ್ಕಾಮ್ ಕಂಪನಿಯ ಆರ್ಲೆನ್ ನಿಪ್ಪರ್ ಇದನ್ನು ತೈಲದ ಪೈಪ್‌ಲೈನ್‌ಗಳ ಮೇಲೆ ಉಪಗ್ರಹದ ಮೂಲಕ ಕಣ್ಣಿಡಲು ಬರೆದರು. ನಡುವೆ ಬ್ರೋಕರ್ ಎಂಬ ಸರ್ವರ್ ಇರುತ್ತದೆ. ಸುದ್ದಿ ಇರುವವರು ಒಂದು ಟಾಪಿಕ್‌ನ ಹೆಸರಿನಲ್ಲಿ ಅದನ್ನು ಬ್ರೋಕರ್‌ಗೆ ಕೊಡುತ್ತಾರೆ, ಬೇಕಾದವರು ಆ ಟಾಪಿಕ್‌ಗೆ ಚಂದಾ ಹಾಕಿಕೊಳ್ಳುತ್ತಾರೆ, ಕಳಿಸಿದವರಿಗೂ ಪಡೆದವರಿಗೂ ಪರಸ್ಪರ ಪರಿಚಯ ಬೇಕಿಲ್ಲ. ಹೆಡರ್ ಎರಡೇ ಬೈಟ್‌ಗೆ ಇಳಿಯಬಲ್ಲದು. ಆದರೆ ಅಡಿಯಲ್ಲಿ ಟಿಸಿಪಿ ಸಂಪರ್ಕ ಸದಾ ತೆರೆದೇ ಇರಬೇಕು. ಕಂಪ್ಯೂಟರಿಗೆ ಇದು ಲೆಕ್ಕಕ್ಕಿಲ್ಲದ ಖರ್ಚು. ಸೆಲ್ಲಿನಲ್ಲಿ ಬದುಕುವ ರೇಡಿಯೊ ಚಿಪ್ಪಿಗೆ ತಡೆಯಲಾರದ್ದು.

ಇದಕ್ಕೆ ಪರಿಹಾರ ಮಂಡನೆಯಾದದ್ದು ನಮ್ಮ ರಾಜ್ಯದಲ್ಲೇ. 2008ರ ಜನವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಕಾಮ್ಸ್‌ವೇರ್ ಸಮ್ಮೇಳನದ ಪ್ರಬಂಧಗಳಲ್ಲಿ ಅರ್ಸ್ ಹುಂಕೆಲರ್, ಹಾಂಗ್ ಲಿನ್ ಟ್ರುವಾಂಗ್ ಮತ್ತು ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಅವರ ಎಂಕ್ಯೂಟಿಟಿ-ಎಸ್ ಕೂಡ ಒಂದು. ಎಂಕ್ಯೂಟಿಟಿ-ಎಸ್‌ಎನ್ ಎಂಬುದು ಆಮೇಲಿನ ಹೆಸರು. 1.2ನೇ ಆವೃತ್ತಿಯ ವಿವರಣೆ ಬಂದದ್ದು 2013ರಲ್ಲಿ. ಟಿಸಿಪಿ ಬೇಡ, ಬಿಡಿ ಪ್ಯಾಕೆಟ್ಟುಗಳೇ ಸಾಕು ಎಂದರು. ಉದ್ದನೆಯ ಟಾಪಿಕ್ ಹೆಸರಿನ ಬದಲು ಎರಡು ಬೈಟಿನ ಸಂಖ್ಯೆ ಇಟ್ಟರು. ಎಲ್ಲಕ್ಕಿಂತ ಮುಖ್ಯವಾಗಿ, ಸೆನ್ಸರ್ ಇಷ್ಟು ಹೊತ್ತು ಮಲಗುತ್ತೇನೆ ಎಂದು, ತನ್ನನ್ನು ಬ್ರೋಕರ್‌ಗೆ ಸೇರಿಸುವ ನಡುವಿನ ಸಾಧನವಾದ ಗೇಟ್‌ವೇಗೆ ಹೇಳಿ ಮಲಗಬಹುದು, ಅಷ್ಟರಲ್ಲಿ ಬಂದ ಸುದ್ದಿಯನ್ನು ಗೇಟ್‌ವೇ ತೆಗೆದಿಟ್ಟು, ಎದ್ದಾಗ ಕೊಡುತ್ತದೆ.

ಆ ಹೊತ್ತಿಗೆ ಕರ್ನಾಟಕದ ಹೊಲಗಳಿಗೆ ಇಂಥ ಪುಟ್ಟ ಸಾಧನಗಳು ಬಂದೂ ಆಗಿತ್ತು. ಪಾವಗಡ ತಾಲ್ಲೂಕಿನ ಚೆನ್ನಕೇಶವಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಸ್ವಿಟ್ಜರ್‌ಲೆಂಡಿನ ಇಪಿಎಫ್‌ಎಲ್ ಸೇರಿ ನಡೆಸಿದ ಕಾಮನ್‌ಸೆನ್ಸ್ ನೆಟ್ ಯೋಜನೆ ಮಳೆಯಾಶ್ರಿತ ರೈತರಿಗಾಗಿ ಮೈಕಾ-2 ಸೆನ್ಸರುಗಳನ್ನು ನೆಟ್ಟಿತ್ತು. ಟೈನಿಓಎಸ್ ಓಡಿಸುತ್ತಿದ್ದ ಆ ಸಾಧನದ ರ‍್ಯಾಮ್ ನಾಲ್ಕೇ ಕಿಲೋಬೈಟ್. ನಾಲ್ಕು ಕಿಲೋಬೈಟಿನಲ್ಲಿ ಆಪರೇಟಿಂಗ್ ಸಿಸ್ಟಮ್, ರೇಡಿಯೊ, ಅಳತೆ ಎಲ್ಲ ಆಗಬೇಕೆಂದರೆ ಪೋರ್ಟ್ ಮಾಡುವವರ ಕೈ ಎಷ್ಟು ಬಿಗಿ ಅನ್ನುವುದು ತಿಳಿಯುತ್ತದೆ.

ರಯಟ್‌ಗೆ ಅಷ್ಟು ಕಷ್ಟವಿಲ್ಲ. ಬರ್ಲಿನ್ನಿನ ಫ್ರೀ ಯೂನಿವರ್ಸಿಟಿ, ಫ್ರಾನ್ಸಿನ ಇನ್ರಿಯಾ, ಹ್ಯಾಂಬರ್ಗಿನ ಎಚ್‌ಎಡಬ್ಲ್ಯು ಸೇರಿ 2013ರಲ್ಲಿ ಹೊರತಂದ ಈ ಸಿಸ್ಟಮ್‌ನ ತಿರುಳಿಗೆ ಒಂದೂವರೆ ಕಿಲೋಬೈಟ್ ರ‍್ಯಾಮ್ ಸಾಕು. ಇದಕ್ಕೆ ಎಮ್‌ಕ್ಯೂಟ್ ಬರೆದವರು ಹೌಕೆ ಪೀಟರ್‌ಸನ್. ಗೇಟ್‌ವೇಗೆ ಸಂಪರ್ಕ, ಟಾಪಿಕ್ ನೋಂದಣಿ, ಚಂದಾ, ಉತ್ತರ ಬಾರದಿದ್ದರೆ ಮತ್ತೆ ಕಳಿಸುವುದು, ಎಲ್ಲವೂ ಕೆಲಸ ಮಾಡುತ್ತವೆ. ಉಯಿಲು ಬರೆದಿಡುವ ಸೌಲಭ್ಯವೂ ಇದೆ: ಸಾಧನ ಸದ್ದಿಲ್ಲದೆ ಸತ್ತರೆ ಅದರ ಪರವಾಗಿ ಸಾವಿನ ಸುದ್ದಿ ಹೊರಡುತ್ತದೆ. ಬಿಳಿಗಿರಿರಂಗನ ಬೆಟ್ಟದ ತಪ್ಪಲಿನಲ್ಲಿ ಆನೆ ಸೋಲಾರ್ ಬೇಲಿಯ ಕಂಬ ಕೆಡವಿತು ಅನ್ನಿ, ಕಂಬದ ಜೊತೆ ಮುರಿದ ಸೆನ್ಸರ್ ಏನನ್ನೂ ಕಳಿಸಲಾರದು, ಉಯಿಲು ಕಳಿಸುತ್ತದೆ. ಸಂಪರ್ಕ ಇದೆಯೇ ಎಂದು ವಿಚಾರಿಸುವ ಗಡುವು ಮೊದಲೇ ಆರು ನಿಮಿಷಕ್ಕೆ ಇಟ್ಟಿರುವುದರಿಂದ ಸುದ್ದಿ ತಡವಾಗುತ್ತದೆ, ಅಷ್ಟರಲ್ಲಿ ಆನೆ ಕಬ್ಬಿನೊಳಗೆ ಇರುತ್ತದೆ. ಆ ಗಡುವನ್ನು ತಗ್ಗಿಸಬಹುದು, ತಗ್ಗಿಸಿದಷ್ಟೂ ಸೆಲ್ಲು ಬೇಗ ಖಾಲಿ.

ಇನ್ನೂ ಆಗಿಲ್ಲದವುಗಳ ಪಟ್ಟಿಯನ್ನು ದಾಖಲೆಯಲ್ಲೇ ಕೊಟ್ಟಿರುವ ಪ್ರಾಮಾಣಿಕತೆಯನ್ನು ಮೆಚ್ಚಬೇಕು. ನಾನು ಓದಿದ ಆವೃತ್ತಿಯಲ್ಲಿ ಗೇಟ್‌ವೇಯನ್ನು ತಾನೇ ಹುಡುಕಿಕೊಳ್ಳುವುದು ಇಲ್ಲ, ಒಂದು ಸುದ್ದಿ ಒಂದೇ ಸಲ ಮುಟ್ಟುವ ಖಾತ್ರಿ ಇಲ್ಲ, ಮೊದಲೇ ಗೊತ್ತುಮಾಡಿಕೊಂಡ ಟಾಪಿಕ್ ಸಂಖ್ಯೆಗಳು ಇಲ್ಲ, ಮಲಗುವುದು ಇಲ್ಲ. ಮೊದಲ ಎರಡು ಇಲ್ಲದಿದ್ದರೆ ನಷ್ಟವಿಲ್ಲ. ಒಂದು ಊರಿಗೆ ಒಂದು ಗೇಟ್‌ವೇ ಇದ್ದಾಗ ಹುಡುಕುವುದೇನು? ಕೊನೆಯ ಎರಡು ಹಾಗಲ್ಲ.

ಟಾಪಿಕ್ ಸಂಖ್ಯೆಯ ಮಾತು ಕನ್ನಡದಲ್ಲಿ ಬರೆಯುವವರಿಗೆ ಬಿಸಿ ಮುಟ್ಟಿಸುವಂಥದ್ದು, ಬರ್ಲಿನ್ನಿನಲ್ಲಿ ಕೂತವರ ಗಮನಕ್ಕೆ ಬಾರದಿದ್ದರೆ ಆಶ್ಚರ್ಯವೂ ಇಲ್ಲ. ‘ಹನೂರು/ಕೊಳವೆಬಾವಿ/ನೀರುಮಟ್ಟ’ ಎಂದು ಟಾಪಿಕ್‌ಗೆ ಹೆಸರಿಡಿ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರ, ಪ್ರತಿ ಗುಣಿತದ ಚಿಹ್ನೆ, ಪ್ರತಿ ಹಲಂತ ಚಿಹ್ನೆಗೆ ಮೂರು ಬೈಟ್. ಎರಡು ಓರೆಗೆರೆ ಸೇರಿ ಒಟ್ಟು 68 ಬೈಟ್. ರೋಮನ್ ಲಿಪಿಯಲ್ಲಾದರೆ ಮೂವತ್ತರೊಳಗೆ ಮುಗಿಯುತ್ತದೆ. ಕಳಿಸಬೇಕಾದ ನೀರಿನ ಮಟ್ಟ ಎರಡೇ ಬೈಟ್. ಎಂಕ್ಯೂಟಿಟಿಯಲ್ಲಿ ಸಾಮಾನ್ಯವಾಗಿ ಪ್ರತಿ ಸಲವೂ ಈ ಹೆಸರನ್ನು ಹೊತ್ತೇ ಹೋಗಬೇಕು. ಎಂಕ್ಯೂಟಿಟಿ-ಎಸ್‌ಎನ್‌ನಲ್ಲಿ ಹೆಸರನ್ನು ಒಂದು ಸಲ ನೋಂದಾಯಿಸಿ ಸಂಖ್ಯೆ ಪಡೆದರೆ ಆಮೇಲೆ ಹೆಡರ್ ಏಳು, ಅಳತೆ ಎರಡು, ಒಂಬತ್ತು ಬೈಟಿನಲ್ಲಿ ಕೆಲಸ ಮುಗಿಯಿತು. ಚೆಂದದ ಲೆಕ್ಕ. ಆದರೆ ನೋಂದಣಿಯ ಆ ಒಂದು ಪ್ಯಾಕೆಟ್ಟೇ 74 ಬೈಟ್. ಭಾರತದಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದಾದ 865-867 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಲೋರಾವ್ಯಾನ್ ಎಂಬ ದೂರಗಾಮಿ ರೇಡಿಯೊ ವ್ಯವಸ್ಥೆ ತನ್ನ ಅತಿ ನಿಧಾನದ, ಅತಿ ದೂರದ ವೇಗದಲ್ಲಿ ಹೊರುವುದು 51 ಬೈಟ್ ಮಾತ್ರ. ಹನೂರಿನ ಗುಡ್ಡಗಳ ಮಧ್ಯೆ, ಬೆಟ್ಟದ ತೋಯ್ದ ಎಲೆಗಳ ನಡುವೆ ಬೇಕಾಗುವುದು ಆ ದೂರವೇ. ಹೆಸರೇ ಗೇಟ್‌ವೇ ಮುಟ್ಟಲಿಲ್ಲ ಅಂದಮೇಲೆ ಸಂಖ್ಯೆ ಎಲ್ಲಿಂದ ಬರಬೇಕು? ಇಂಥ ಇಕ್ಕಟ್ಟಿಗೆಂದೇ ಎರಡೂ ಕಡೆ ಮೊದಲೇ ಬರೆದಿಟ್ಟ ಸಂಖ್ಯೆಗಳಿಗೆ ಪ್ರೋಟೊಕಾಲ್ ಅವಕಾಶ ಕೊಟ್ಟಿರುವುದು. ಎಮ್‌ಕ್ಯೂಟ್ ಅದನ್ನು ಬಿಟ್ಟಿತು. ಸಾಲದ್ದಕ್ಕೆ, ಯಾವ ಪ್ಯಾಕೆಟ್ ರೇಡಿಯೊದ ಮೇಲೂ ಓಡಬಲ್ಲ ಪ್ರೋಟೊಕಾಲನ್ನು ಇಂಟರ್ನೆಟ್ಟಿನ ಬಿಡಿ ಪ್ಯಾಕೆಟ್ಟಿನ ವಿಧಾನವಾದ ಯುಡಿಪಿಯ ಗೂಟಕ್ಕೆ ಕಟ್ಟಿದೆ.

ಅದೇ ಲೇಖಕರು ಆಮೇಲೆ ಅಸಿಮ್‌ಕ್ಯೂಟ್ ಎಂಬ ಇನ್ನೊಂದು ಲೈಬ್ರರಿ ಬರೆದರು. ಅದರಲ್ಲಿ ಮೊದಲೇ ಗೊತ್ತಾದ ಸಂಖ್ಯೆಗಳಿವೆ, ಉಯಿಲು ಇಲ್ಲ. ಆನೆ ಬೇಲಿಗೆ ಒಂದು, ಕೊಳವೆಬಾವಿಗೆ ಇನ್ನೊಂದು ಎಂದು ಆರಿಸಿಕೊಳ್ಳಬೇಕಾದ ಸ್ಥಿತಿ.

ಇನ್ನು ನಿದ್ದೆ. ಇಂಥ ರೇಡಿಯೊ ಚಿಪ್ ಕಿವಿಗೊಟ್ಟು ಕೂತಿರಲು 20 ಮಿಲಿಆಂಪಿಯರ್ ಆಸುಪಾಸು ಬೇಕು, ಮಲಗಿದರೆ ಕೆಲವೇ ಮೈಕ್ರೊಆಂಪಿಯರ್. 2,500 ಮಿಲಿಆಂಪಿಯರ್-ಗಂಟೆಯ ಸೆಲ್ಲುಗಳು ಎಚ್ಚರವಾಗಿದ್ದರೆ 125 ಗಂಟೆ, ಅಂದರೆ ಐದು ದಿನ ಮತ್ತೊಂದಿಷ್ಟು ಹೊತ್ತು. ಎಮ್‌ಕ್ಯೂಟ್‌ನಲ್ಲಿ ಮಲಗಲೇಬೇಕೆಂದರೆ ಸಂಪರ್ಕ ಕಡಿದುಕೊಂಡು ಮಲಗಿ, ಎದ್ದು ಹೊಸದಾಗಿ ಸಂಪರ್ಕ ಕೇಳಿ, ಒಪ್ಪಿಗೆಗೆ ಕಾದು, ಹೆಸರು ನೋಂದಾಯಿಸಿ, ಅದಕ್ಕೂ ಉತ್ತರ ಪಡೆದು, ಕೊನೆಗೆ ಎರಡು ಬೈಟ್ ಕಳಿಸಬೇಕು. ಪಂಪು ನಿಲ್ಲಿಸು ಎಂಬ ಆದೇಶ ಮಲಗಿದ್ದಾಗ ಬಂದರೆ ಅದನ್ನು ತೆಗೆದಿಡಬೇಕೆಂಬ ಒಪ್ಪಂದವನ್ನೇ ಸಾಧನ ಗೇಟ್‌ವೇ ಜೊತೆ ಮಾಡಿಕೊಂಡಿಲ್ಲ. ರೇಡಿಯೊದ ಮಟ್ಟದಲ್ಲೇ ಆಗಾಗ ಮಲಗಿಸುವ ಉಪಾಯಗಳು ರಯಟ್‌ನಲ್ಲಿ ಬೇರೆ ಇವೆ ಎಂಬ ಸಮರ್ಥನೆ ಬರಬಹುದು. ಬರಲಿ. ಅದು ಗಳಿಗೆಗಳ ತೂಕಡಿಕೆ. ರಾತ್ರಿ ಪೂರ್ತಿ ಮಲಗಿದ ಸಾಧನದ ಬಗ್ಗೆ ಗೇಟ್‌ವೇಗೆ ತಿಳಿದಿರುವುದು ಬೇರೆಯೇ ಮಾತು.

ಹಾಗೆಂದು ಎಮ್‌ಕ್ಯೂಟ್ ಎಲ್ಲ ಕಡೆಯೂ ಸೋಲುತ್ತದೆ ಎಂದೇನಲ್ಲ. ಕೊಳ್ಳೇಗಾಲದ ಕಡೆಯ ರೇಷ್ಮೆ ಹುಳು ಸಾಕುವ ಮನೆಯಲ್ಲಿ ಇದನ್ನು ನಾನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ಎಳೆಯ ಚಾಕಿ ಹುಳುವಿಗೆ ಬಿಸಿ, ತೇವ ಹೆಚ್ಚು ಬೇಕು. ದೊಡ್ಡ ಹುಳುವಿಗೆ 24-25 ಡಿಗ್ರಿ, ಶೇ 70ರ ಸುತ್ತಿನ ತೇವ. ಹುಳು ಜ್ವರಕ್ಕೆ, ಅಂದರೆ ಪೊರೆ ಬಿಡಲು, ಕೂತಾಗ ಮನೆ ಒಣಗಿರಬೇಕು. ಅಲ್ಲಿ ಕರೆಂಟು ಗೋಡೆಯಲ್ಲೇ ಇದೆ, ಗೇಟ್‌ವೇ ಹತ್ತು ಹೆಜ್ಜೆ ದೂರದಲ್ಲಿದೆ, ನಿದ್ದೆಯ ಅಗತ್ಯವಿಲ್ಲ. ಒಂದೇ ಎಚ್ಚರಿಕೆ: ಎಮ್‌ಕ್ಯೂಟ್‌ನ ಕರೆಗಳು ಉತ್ತರ ಬರುವ ತನಕ ಮುಂದಿನ ಸಾಲಿಗೆ ಹೋಗುವುದಿಲ್ಲ. 15 ಸೆಕೆಂಡು ಕಾದು, ಮತ್ತೆ ಕಳಿಸಿ, ಹೀಗೆ ಮೂರು ಮರುಪ್ರಯತ್ನ ಮುಗಿಯುವಾಗ ಒಂದು ನಿಮಿಷದ ಆಸುಪಾಸು ಆಗಿರುತ್ತದೆ. ಫ್ಯಾನ್ ಹಾಕುವ ಕೆಲಸವನ್ನೂ ಅದೇ ಥ್ರೆಡ್‌ನಲ್ಲಿ ಬರೆದಿದ್ದರೆ ಅಷ್ಟು ಹೊತ್ತು ಫ್ಯಾನ್ ಕೂಡ ಕಾಯುತ್ತದೆ.

ಮೆಮೊರಿ ಅಗ್ಗವಾದ ಮೇಲೆ ಇದೆಲ್ಲ ಯಾಕೆ, ಇಎಸ್‌ಪಿ-32ರಲ್ಲಿ 520 ಕಿಲೋಬೈಟ್ ರ‍್ಯಾಮ್ ಇದೆ, ಪೂರ್ತಿ ಎಂಕ್ಯೂಟಿಟಿಯನ್ನೇ ಓಡಿಸಿ ಎನ್ನುವವರಿದ್ದಾರೆ. ರೇಷ್ಮೆ ಮನೆಗೆ ಆ ಮಾತು ಸರಿ. ಬೇಲಿಯ ಕಂಬಕ್ಕೆ ತಪ್ಪು, ಅಗ್ಗವಾದದ್ದು ಮೆಮೊರಿ, ಗಾಳಿಯಲ್ಲಿ ಬೈಟ್ ಕಳಿಸುವ ಖರ್ಚಲ್ಲ.

ನಮ್ಮ ರೈತರ ಕೈಯಲ್ಲಿ ಈಗಾಗಲೇ ಇರುವ ಮೊಬೈಲ್ ಸ್ಟಾರ್ಟರನ್ನು ಈ ಲೈಬ್ರರಿಯ ಪಕ್ಕ ಇಟ್ಟು ನೋಡಬೇಕು. ತ್ರೀ ಫೇಸ್ ಕರೆಂಟು ಬಂದದ್ದು ರಾತ್ರಿಯಾದರೆ ತೋಟಕ್ಕೆ ಹೋಗುವ ಬದಲು ಮನೆಯಿಂದಲೇ ಫೋನ್ ಮಾಡಿ ಮೋಟಾರು ಹಾಕುತ್ತಾರೆ. ಮಿಸ್ಡ್ ಕಾಲ್ ಅನ್ನುವುದು ಒಂದು ಬೈಟೂ ಇಲ್ಲದ ಸುದ್ದಿ. ಕೆಲವು ಸ್ಟಾರ್ಟರುಗಳು ಮೋಟಾರು ಓಡಿದ ಮೇಲೆ ತಾವೇ ತಿರುಗಿ ಕರೆ ಮಾಡುತ್ತವೆ, ಅದು ತಲುಪಿದ ರಸೀದಿ. ಬೇರೆ ನಂಬರಿನಿಂದ ಕರೆ ಬಂದರೆ ಕಿವಿಗೆ ಹಾಕಿಕೊಳ್ಳದಂತೆ ಮಾಡಲೂ ಬರುತ್ತದೆ. ಎಂಕ್ಯೂಟಿಟಿ-ಎಸ್‌ಎನ್‌ನ 1.2ನೇ ಆವೃತ್ತಿಯಲ್ಲಿ ಸಂಪರ್ಕ ಕೇಳುವಾಗ ಹೆಸರು, ಪಾಸ್‌ವರ್ಡ್ ಹಾಕಲು ಜಾಗವೇ ಇಲ್ಲ. ಭದ್ರತೆಯನ್ನು ಅಡಿಯ ಪದರದಲ್ಲಿ ಬೇರೆಯಾಗಿ ಕಟ್ಟಬೇಕು, ಅದಕ್ಕೆ ಬೇಕಾಗುವ ಮೆಮೊರಿ ಎಮ್‌ಕ್ಯೂಟ್‌ಗಿಂತ ಹೆಚ್ಚು. ನೀರಿನ ಮಟ್ಟ ಅಳೆಯಲು ಇದು ದೊಡ್ಡ ಕೊರತೆಯಲ್ಲ, ಸುಳ್ಳು ಅಳತೆ ಕಳಿಸಿ ಯಾರಿಗೂ ಲಾಭವಿಲ್ಲ. ಮೋಟಾರು ಹಾಕುವ ಆದೇಶವನ್ನು ಇದರ ಮೇಲೆ ಬಿಡುವುದಾದರೆ ಪಕ್ಕದ ಹೊಲದವನಿಗೆ ಟಾಪಿಕ್‌ನ ಹೆಸರು ತಿಳಿದಿದ್ದರೆ ಸಾಕು, ಅವನೂ ಮೋಟಾರು ಹಾಕಬಲ್ಲ.

ಆದ್ದರಿಂದ ಈ ಪೋರ್ಟ್‌ಗೆ ಯಾರಾದರೂ ಕೈ ಹಚ್ಚುವುದಾದರೆ ನನ್ನ ಬೇಡಿಕೆಯ ಅನುಕ್ರಮ ದಾಖಲೆಯ ಪಟ್ಟಿಗಿಂತ ಬೇರೆ. ಮೊದಲು ಗೊತ್ತುಮಾಡಿದ ಸಂಖ್ಯೆಗಳು ಬರಲಿ, ಅದು ಚಿಕ್ಕ ಕೆಲಸ, ಅಸಿಮ್‌ಕ್ಯೂಟ್‌ನಲ್ಲಿ ಮಾದರಿಯೂ ಸಿದ್ಧವಿದೆ. ಆಮೇಲೆ ನಿದ್ದೆ. ಗೇಟ್‌ವೇ ಹುಡುಕುವ ಕೆಲಸ ಕೊನೆಗೆ ಬಂದರೂ ಸರಿ. ಇವು ಬರುವ ತನಕ ಹನೂರಿನಲ್ಲಿ ಇದನ್ನು ನೀರಿನ ಅಳತೆಗಷ್ಟೇ, ಅದೂ ಸೋಲಾರ್ ಪ್ಯಾನೆಲ್ ಇರುವ ಕಡೆ ಬಳಸಬಹುದು. ಮೋಟಾರಿಗೆ ಮಿಸ್ಡ್ ಕಾಲೇ ಇರಲಿ.